ಎಕ್ಸ್‌ರೇ ಓದುವ ಯಂತ್ರ ರೋಗಿಯ ತನಕ ಬಂದ ದಾರಿ

ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಓದಬಲ್ಲ ಕೃತಕ ಬುದ್ಧಿಮತ್ತೆ ಈಚೆಗೆ ಬಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಈ ಪ್ರಯತ್ನದ ಮೊದಲ ಸುತ್ತು ಎಂದೋ ನಡೆದುಹೋಗಿದೆ, ಅದು ಸೋತೂ ಇದೆ.

ಚಿತ್ರ ನೋಡುವ ವೈದ್ಯರಿಗೆ ಕಂಪ್ಯೂಟರ್ ಎರಡನೇ ಅಭಿಪ್ರಾಯ ಕೊಡಬೇಕು ಎಂಬ ಯೋಚನೆಯನ್ನು 1980ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಕುನಿಯೊ ಡೊಯ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದರು. ಸ್ತನ ಕ್ಯಾನ್ಸರ್ ಪತ್ತೆಗೆ ತೆಗೆಯುವ ಮ್ಯಾಮೊಗ್ರಾಮ್‌ನಲ್ಲಿ ಅನುಮಾನದ ಜಾಗಗಳಿಗೆ ಗುರುತು ಹಾಕುವ ತಂತ್ರಾಂಶಕ್ಕೆ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1998ರಲ್ಲಿ ಅನುಮತಿ ಕೊಟ್ಟಿತು. ಸರ್ಕಾರಿ ವಿಮೆಯಾದ ಮೆಡಿಕೇರ್ ಅದಕ್ಕೆ ಪ್ರತ್ಯೇಕ ಹಣ ಕೊಡತೊಡಗಿದ್ದೇ ತಡ, ಆಸ್ಪತ್ರೆಗಳು ಕೊಂಡವು. 2008ರ ಹೊತ್ತಿಗೆ ಮೆಡಿಕೇರ್‌ನಡಿ ನಡೆಯುತ್ತಿದ್ದ ಮ್ಯಾಮೊಗ್ರಾಮ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅದರ ಬಳಕೆಯಿತ್ತು.

ಅಷ್ಟರಲ್ಲೇ, 2007ರಲ್ಲಿ, 2.2 ಲಕ್ಷ ಮಹಿಳೆಯರ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು ಹೊರಬಂದಿತ್ತು. ಯಂತ್ರ ಬಂದ ಕೇಂದ್ರಗಳಲ್ಲಿ ಬಯಾಪ್ಸಿಗಳು (ಅನುಮಾನದ ಜಾಗದಿಂದ ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಗಳು) ಸುಮಾರು ಶೇ 20ರಷ್ಟು ಹೆಚ್ಚಿದ್ದವು. ಕ್ಯಾನ್ಸರ್ ಪತ್ತೆ ಮಾತ್ರ ಗಮನಾರ್ಹವಾಗಿ ಏರಿರಲಿಲ್ಲ. 2015ರಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಇನ್ನೊಂದು ಅಧ್ಯಯನಕ್ಕೂ ಅದರಿಂದ ಯಾವ ಲಾಭವೂ ಕಾಣಲಿಲ್ಲ. ಕಾರಣ ಸರಳ: ಯಂತ್ರ ಹಾಕುತ್ತಿದ್ದ ಗುರುತುಗಳಲ್ಲಿ ಬಹುಪಾಲು ಸುಳ್ಳು. ವೈದ್ಯರು ಅವನ್ನು ನಂಬಿದರೆ ಆರೋಗ್ಯವಂತ ಮಹಿಳೆಯನ್ನು ಮತ್ತೆ ಕರೆಸಿ ಸೂಜಿ ಚುಚ್ಚಬೇಕು; ನಂಬದೆ ರೂಢಿಯಾದರೆ ನಿಜವಾದ ಗುರುತೂ ಕಣ್ತಪ್ಪುತ್ತದೆ. ವರದಿ ಬರುವವರೆಗೆ ಆ ಮಹಿಳೆ ಪಡುವ ಭಯ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನನ್ನ ಮಟ್ಟಿಗೆ ಈ ಇತಿಹಾಸದ ಅತಿ ಮುಖ್ಯ ಅಧ್ಯಾಯ ಇದೇ. ರೋಗಿಗೆ ಒಳಿತಾಗುತ್ತದೆ ಎಂಬುದು ಸಾಬೀತಾಗುವ ಮೊದಲೇ ಹಣ ಹರಿದಿತ್ತು.

2012ರ ಬಳಿಕ ಡೀಪ್ ಲರ್ನಿಂಗ್ ಬಂತು. ಏನನ್ನು ಹುಡುಕಬೇಕೆಂದು ಹೇಳಿಕೊಡುವ ಬದಲು, ಲಕ್ಷಗಟ್ಟಲೆ ಚಿತ್ರಗಳಿಂದ ಯಂತ್ರವೇ ಕಲಿಯುವ ವಿಧಾನವಿದು. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯನ್ನು ತಜ್ಞರಷ್ಟೇ ಚೆನ್ನಾಗಿ ಗುರುತಿಸುವ ವ್ಯವಸ್ಥೆಯನ್ನು ಗೂಗಲ್ 2016ರಲ್ಲಿ ಪ್ರಕಟಿಸಿತು. ಅದನ್ನು ಥಾಯ್ಲೆಂಡಿನ ಕ್ಲಿನಿಕ್‌ಗಳಿಗೆ ಒಯ್ದಾಗ ನಡೆದದ್ದೇ ಬೇರೆ. ಕಣ್ಣಿನ ಚಿತ್ರ ಸ್ಪಷ್ಟವಾಗಿ ಬರಲು ಕೋಣೆ ಕತ್ತಲಾಗಿರಬೇಕು, ಅಂಥ ಕೋಣೆ ಎಲ್ಲ ಕಡೆ ಇರಲಿಲ್ಲ. ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಯಂತ್ರ ತಿರಸ್ಕರಿಸಿತು. ಇಂಟರ್ನೆಟ್ ನಿಧಾನವಾದಾಗ ಸಾಲು ಬೆಳೆಯಿತು. ಚಿತ್ರ ತಿರಸ್ಕೃತವಾದ ರೋಗಿ ರಜೆ ಹಾಕಿ ಇನ್ನೊಂದು ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು. ನರ್ಸ್‌ಗಳ ಕೆಲಸದ ಕ್ರಮವನ್ನು ಮೊದಲೇ ಕುಳಿತು ನೋಡಿದ್ದರೆ ಇದರಲ್ಲಿ ಬಹುಭಾಗ ತಪ್ಪುತ್ತಿತ್ತು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದ್ದಲ್ಲ. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಹುಡುಕಲು ಕಲಿತ ಮಾದರಿಗಳು ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನೂ ಗುರುತಿಸಬಲ್ಲವು ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚಿದ್ದರೆ, ಶ್ವಾಸಕೋಶವನ್ನು ನೋಡದೆಯೂ ಸರಿಯುತ್ತರ ಊಹಿಸಬಹುದು. ಹೊಸ ಆಸ್ಪತ್ರೆಗೆ ಹೋದಾಗ ಆ ಜಾಣತನ ಕೈಕೊಡುತ್ತದೆ.

ಕೆಲವು ಕಡೆ ಯಂತ್ರಕ್ಕೆ ತಕ್ಕ ಜಾಗ ಸಿಕ್ಕಿದೆ. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಯಲ್ಲಿ, ಎಕ್ಸ್‌ರೇ ಓದುವವರ ಬದಲಿಗೆ ಇಂಥ ತಂತ್ರಾಂಶ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಮ್ಯಾಮೊಗ್ರಾಮ್‌ಗೂ ಎರಡನೇ ಅವಕಾಶ ಬಂದಿದೆ. ಸ್ವೀಡನ್ನಿನಲ್ಲಿ ಪ್ರತಿ ಚಿತ್ರವನ್ನು ಇಬ್ಬರು ವೈದ್ಯರು ಓದುವುದು ವಾಡಿಕೆ. ಅಲ್ಲಿನ ಪ್ರಯೋಗದಲ್ಲಿ ಯಂತ್ರ ಅಪಾಯದ ಅಂಕ ಕೊಟ್ಟಿತು. ಅಂಕ ಕಡಿಮೆಯಿದ್ದ ಚಿತ್ರಗಳನ್ನು ಒಬ್ಬರೇ ಓದಿದರು. 80,000 ಮಹಿಳೆಯರ ಮೊದಲ ಫಲಿತಾಂಶ 2023ರಲ್ಲಿ ಬಂತು: ಓದುವ ಕೆಲಸ ಶೇ 44ರಷ್ಟು ಇಳಿದಿತ್ತು, ಕ್ಯಾನ್ಸರ್ ಪತ್ತೆ ಕುಗ್ಗಿರಲಿಲ್ಲ. ಸಂಶೋಧಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರು ಮುಖ್ಯ ಅಳತೆಯಾಗಿ ಇಟ್ಟುಕೊಂಡದ್ದು ಎರಡು ತಪಾಸಣೆಗಳ ನಡುವೆ ತಲೆದೋರುವ ಕ್ಯಾನ್ಸರ್‌ಗಳನ್ನು, ಅಂದರೆ ತಪಾಸಣೆಯಲ್ಲಿ ಸಿಗದೆ ಆಮೇಲೆ ಕಾಣಿಸಿಕೊಂಡವನ್ನು.