ನಾಲಿಗೆಯ ಬುಡದಲ್ಲಿ ಎಲುಬು: ಜಾಗ ತಪ್ಪಿ ಬೆಳೆದ ಅಂಗಾಂಶಗಳ ಹಿನ್ನೆಲೆ

ಎಲೆಯಡಿಕೆ, ಹೊಗೆಸೊಪ್ಪು ಜಗಿಯುವ ಅಭ್ಯಾಸ ಇನ್ನೂ ಉಳಿದಿರುವ ಮಂಗಳೂರು, ಉಡುಪಿಯ ಕಡೆ ಬಾಯೊಳಗೊಂದು ಗಂಟು ಕಂಡರೆ ಮನೆಮಂದಿಗೆ ಮೊದಲು ಕಾಡುವುದು ಕ್ಯಾನ್ಸರ್ ಭಯ. ಅದು ನಿರಾಧಾರವೇನಲ್ಲ, ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿ. ಮಣಿಪಾಲದಲ್ಲಿ 1965ರಿಂದಲೇ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿಯೂ ಇಲ್ಲ. ಆದರೆ ಬಯಾಪ್ಸಿಯ ವರದಿಯಲ್ಲಿ ಅಪರೂಪಕ್ಕೊಮ್ಮೆ ‘ಕೊರಿಸ್ಟೋಮಾ’ ಎಂದು ಬರೆದಿರುತ್ತದೆ. ರಚನೆಯಲ್ಲಿ ಸಹಜವೇ ಆದ ಅಂಗಾಂಶವು ತಾನು ಇರಬಾರದ ಜಾಗದಲ್ಲಿ ಬೆಳೆದಿದೆ, ಅದು ಕ್ಯಾನ್ಸರ್ ಅಲ್ಲ ಎಂದು ಇದರ ಅರ್ಥ.

ಈ ಗುಂಪಿನಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ನಾಲಿಗೆಯ ಎಲುಬು. 1913ರಲ್ಲಿ ಮಾನ್ಸೆರಾಟ್ ಅದನ್ನು ವರ್ಣಿಸಿದಾಗ ಆಸ್ಟಿಯೋಮಾ, ಅಂದರೆ ಎಲುಬಿನ ಗಡ್ಡೆ ಎಂದೇ ಪರಿಗಣಿಸಿದರು. ಆದರೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಕಾಣುವುದು ಪದರ ಪದರವಾಗಿ ಬಲಿತ, ನಡುನಡುವೆ ರಕ್ತನಾಳಗಳು ಹಾಯುವ ಸಣ್ಣ ಕೊಳವೆಗಳಾದ ಹ್ಯಾವರ್ಷಿಯನ್ ನಾಳಗಳಿರುವ ಅಪ್ಪಟ ಎಲುಬು. ಸುತ್ತಲೂ ನಾರಿನ ಅಂಗಾಂಶ, ಮೇಲೆ ನಾಲಿಗೆಯ ಮಾಮೂಲು ಹೊದಿಕೆ. ಇದನ್ನು ಗಡ್ಡೆ ಎನ್ನುವುದಕ್ಕಿಂತ ಕೊರಿಸ್ಟೋಮಾ ಎಂದು ಗುರುತಿಸುವುದೇ ಸೂಕ್ತವೆಂದು ಕ್ರಾಲ್ಸ್ ಮತ್ತು ಸಂಗಡಿಗರು 1971ರಲ್ಲಿ ಪ್ರತಿಪಾದಿಸಿದರು. ಮೂಲದ ಬಗೆಗಿನ ವಾದ ಮಾತ್ರ ಇಂದಿಗೂ ಮುಗಿದಿಲ್ಲ. ಭ್ರೂಣದಲ್ಲಿ ನಾಲಿಗೆಯನ್ನು ರೂಪಿಸುವ ಕಮಾನುಗಳ (ಗಂಟಲಿನ ಭಾಗದ ಬಿಲ್ಲಿನಾಕಾರದ ಉಬ್ಬುಗಳ) ಕೋಶಗಳು ಅಲ್ಲೇ ಉಳಿದು ಎಲುಬಾಗುತ್ತವೆ ಎನ್ನುವವರು ಒಂದು ಕಡೆ. ನುಂಗುವಾಗಿನ ಉಜ್ಜಾಟ, ಪೆಟ್ಟುಗಳೇ ಕಾರಣ ಎನ್ನುವವರು ಇನ್ನೊಂದು ಕಡೆ. ಇವು ಹೆಚ್ಚಾಗಿ ಆ ಕಮಾನುಗಳು ಕೂಡುವ ಕಡೆ, ನಾಲಿಗೆಯ ಹಿಂಭಾಗದ ಸಣ್ಣ ಕುಳಿಯ ಆಸುಪಾಸಿನಲ್ಲೇ ಕಾಣಿಸುವುದನ್ನು ನೋಡಿದರೆ ಮೊದಲನೆಯ ವಾದಕ್ಕೇ ತೂಕ ಹೆಚ್ಚೆನಿಸುತ್ತದೆ. ಹೆಂಗಸರಲ್ಲಿ, ಅದರಲ್ಲೂ ಇಪ್ಪತ್ತು ಮೂವತ್ತರ ಪ್ರಾಯದವರಲ್ಲಿ ಇದು ಹೆಚ್ಚು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುವುದು, ಓಕರಿಕೆ ಬರುವುದು ಇದರ ಲಕ್ಷಣಗಳು. ಕತ್ತರಿಸಿ ತೆಗೆದರೆ ಮರುಕಳಿಸುವುದು ತೀರ ಅಪರೂಪ.

ಅದೇ ಕುಳಿಯಿಂದಲೇ ಭ್ರೂಣದಲ್ಲಿ ಥೈರಾಯ್ಡ್ ಗ್ರಂಥಿಯೂ ಕುತ್ತಿಗೆಗೆ ಇಳಿಯುತ್ತದೆ. ಹಾಗೆ ಇಳಿಯದೆ ನಾಲಿಗೆಯಲ್ಲೇ ಉಳಿದ ಗ್ರಂಥಿಯನ್ನು 1869ರಲ್ಲಿ ಹಿಕ್‌ಮನ್ ವರದಿ ಮಾಡಿದ್ದರು. ನಿರುಪದ್ರವಿಯಾದ್ದರಿಂದ ತೆಗೆದುಬಿಟ್ಟರಾಯಿತು ಎಂಬ ಲೆಕ್ಕಾಚಾರ ಇಲ್ಲಿ ನಡೆಯದು, ಏಕೆಂದರೆ ಇಂಥವರಲ್ಲಿ ಸುಮಾರು ಶೇ 70ರಷ್ಟು ಮಂದಿಗೆ ದೇಹದಲ್ಲಿರುವ ಥೈರಾಯ್ಡ್ ಅದೊಂದೇ. ಅದನ್ನು ತೆಗೆದರೆ ಜೀವನಪೂರ್ತಿ ಹಾರ್ಮೋನಿನ ಮಾತ್ರೆ ನುಂಗಬೇಕಾಗುತ್ತದೆ. ಹಾಗಾಗಿಯೇ ನಾಲಿಗೆಯ ಬುಡದ ಗಂಟಿಗೆ ಕತ್ತರಿ ಹಾಕುವ ಮುನ್ನ ಕುತ್ತಿಗೆಯಲ್ಲಿ ಗ್ರಂಥಿ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ.