ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತಗೊಳ್ತಿದ್ದೇನೆ, ಲಸಿಕೆ ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ನನಗೆ ರೊಮಟಾಯ್ಡ್ ಆರ್ಥ್ರೈಟಿಸ್ ಇದೆ. ನಾಲ್ಕು ವರ್ಷದಿಂದ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಜೊತೆಗೆ ದಿನಾ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ತಗೊಳ್ತಿದ್ದೇನೆ. ಫ್ಲೂ ಲಸಿಕೆ ಹಾಕಿಸಿಕೊಳ್ಳೋಣ ಅಂದರೆ ಮನೆಯವರು ಬೇಡ ಅಂತಾರೆ. ರೋಗನಿರೋಧಕ ಶಕ್ತಿ ಕಡಿಮೆ ಇರೋರಿಗೆ ಲಸಿಕೆಯಿಂದಲೇ ಕಾಯಿಲೆ ಬಂದುಬಿಡುತ್ತೆ ಅನ್ನೋದು ಅವರ ಭಯ. ಹಾಕಿಸಿಕೊಳ್ಳಬಹುದಾ? ಮಾತ್ರೆ ನಿಲ್ಲಿಸಬೇಕಾ?

ಉತ್ತರ: ಹಾಕಿಸಿಕೊಳ್ಳಿ. ಬೇರೆಯವರಿಗಿಂತ ನಿಮಗೇ ಅದು ಜಾಸ್ತಿ ಬೇಕು. ನಿಮ್ಮ ಕೀಲುಗಳ ಮೇಲೆ ಸುಮ್ನೆ ಮುಗಿಬೀಳುತ್ತಿರುವ ರೋಗನಿರೋಧಕ ವ್ಯವಸ್ಥೆಯನ್ನು ಈ ಔಷಧಿಗಳು ತಣ್ಣಗೆ ಕೂರಿಸುತ್ತವೆ, ಆದರೆ ಹೊರಗಿನಿಂದ ಬರುವ ಸೋಂಕಿನ ಜೊತೆ ಹೋರಾಡಬೇಕಾದದ್ದೂ ಅದೇ ವ್ಯವಸ್ಥೆ ಅಲ್ವಾ? ಹಾಗಾಗಿ ಬೇರೆಯವರಿಗೆ ನಾಲ್ಕು ದಿನದ ಜ್ವರವಾಗಿ ಹೋಗುವ ಫ್ಲೂ ನಿಮ್ಮನ್ನು ಆಸ್ಪತ್ರೆಯ ತನಕ ಎಳೆದುಕೊಂಡು ಹೋಗಬಹುದು.

ಮನೆಯವರ ಭಯ ಪೂರ್ತಿ ತಪ್ಪೇನಲ್ಲ. ಆದರೆ ಅದು ಬೇರೆ ಲಸಿಕೆಗಳಿಗೆ ಸೇರಿದ್ದು. ಲಸಿಕೆಯಲ್ಲಿ ಎರಡು ಜಾತಿ. ಒಂದರಲ್ಲಿ ಸತ್ತ ರೋಗಾಣು, ಅದರ ಒಂದು ಚೂರು ಅಥವಾ ಅದರ ವಿಷದ ಶಕ್ತಿ ಕಳೆದ ರೂಪ ಮಾತ್ರ ಇರುತ್ತದೆ. ತೋಳಿಗೆ ಚುಚ್ಚುವ ಫ್ಲೂ ಲಸಿಕೆ, ನ್ಯುಮೋಕಾಕಲ್, ಹೆಪಟೈಟಿಸ್ ಬಿ, ಟೆಟನಸ್ ಎಲ್ಲ ಈ ಗುಂಪಿನವು. ಇವು ದೇಹದೊಳಗೆ ಬೆಳೆಯುವುದಿಲ್ಲ, ಹಾಗಾಗಿ ಇವುಗಳಿಂದ ಆ ಕಾಯಿಲೆ ಬರಲು ಸಾಧ್ಯವೇ ಇಲ್ಲ. ಇನ್ನೊಂದು ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ವೈರಸ್ ಅಥವಾ ಬ್ಯಾಕ್ಟೀರಿಯಾ ಇರುವಂಥದ್ದು. ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆ, ಚಿಕನ್‌ಪಾಕ್ಸ್, ಹಳದಿ ಜ್ವರ, ಬಿಸಿಜಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಈ ಕಡೆಯವು. ನಿಮ್ಮಂಥವರಿಗೆ ಇವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೇಕೇ ಬೇಕು ಅಂದರೆ ಔಷಧಿಯನ್ನು ಲಸಿಕೆಗೆ ಮೊದಲೇ ನಿಲ್ಲಿಸಿ, ಲಸಿಕೆಯ ನಂತರವೂ ಕೆಲವು ವಾರ ಶುರು ಮಾಡದಂತೆ, ಡಾಕ್ಟರ್ ಲೆಕ್ಕ ಹಾಕಿ ಕೊಡಬೇಕು. ಅದಕ್ಕೇ ತೋಳು ಚಾಚುವ ಮೊದಲು ಇದು ಜೀವಂತ ಲಸಿಕೆಯಾ ಅಂತ ಕೇಳಿಬಿಡಿ. ಸರ್ಪಸುತ್ತಿನ ಲಸಿಕೆಯಲ್ಲಂತೂ ಕೇಳಲೇಬೇಕು, ಯಾಕೆಂದರೆ ಹಳೆಯದು ಜೀವಂತ ಲಸಿಕೆ, ಎರಡು ಡೋಸಿನ ಹೊಸದು ಅಲ್ಲ. ನಿಮಗೆ ಬೇಕಿರುವುದು ಹೊಸದು.

ಈಗ ಮಾತ್ರೆ ನಿಲ್ಲಿಸುವ ವಿಷಯ. ಜನ ಎಡವುವುದು ಇಲ್ಲೇ.

ಮೆಥೊಟ್ರೆಕ್ಸೇಟ್ ತಗೊಳ್ಳುವಾಗ ಫ್ಲೂ ಲಸಿಕೆ ಹಾಕಿಸಿಕೊಂಡರೆ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು, ಅಂದರೆ ಸೋಂಕಿನ ಜೊತೆ ಹೋರಾಡುವ ಪ್ರೋಟೀನುಗಳು, ಸ್ವಲ್ಪ ಕಡಿಮೆ. ಲಸಿಕೆ ಆದ ಮೇಲೆ ಎರಡು ವಾರ ಮಾತ್ರೆ ಬಿಟ್ಟರೆ ಜಾಸ್ತಿ ಹುಟ್ಟುತ್ತವೆ. ಹಾಗಾಗಿ ಅಮೆರಿಕನ್ ಕಾಲೇಜ್ ಆಫ್ ರೊಮಟಾಲಜಿಯ 2022ರ ಮಾರ್ಗಸೂಚಿ, ಕೀಲುನೋವು ಹತೋಟಿಯಲ್ಲಿದ್ದರೆ ಫ್ಲೂ ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ಬಿಡಿ ಎನ್ನುತ್ತದೆ. ಗಮನಿಸಿ, ಬಿಡುವುದು ಲಸಿಕೆಯ ನಂತರ, ಮೊದಲಲ್ಲ. ನೀವು ಭಾನುವಾರದ ಮಾತ್ರೆಯವರು ಅಂದುಕೊಳ್ಳಿ. ಬುಧವಾರ ಲಸಿಕೆ ಆದರೆ ಮುಂದಿನ ಎರಡು ಭಾನುವಾರ ಕ್ಯಾಲೆಂಡರಿನಲ್ಲಿ ಅಡ್ಡಗೀಟು, ಮೂರನೆಯ ಭಾನುವಾರ ಮತ್ತೆ ಶುರು. ಬಿಟ್ಟುಹೋದದ್ದನ್ನು ಸೇರಿಸಿ ಒಟ್ಟಿಗೆ ನುಂಗುವ ಕೆಲಸ ಮಾತ್ರ ಖಂಡಿತ ಬೇಡ, ಮೆಥೊಟ್ರೆಕ್ಸೇಟ್ ಜಾಸ್ತಿಯಾದರೆ ಜೀವಕ್ಕೇ ಅಪಾಯ.

ಜೀವಂತವಲ್ಲದ ಬೇರೆ ಲಸಿಕೆಗಳಿಗೆ ಅದೇ ಮಾರ್ಗಸೂಚಿ ಮೆಥೊಟ್ರೆಕ್ಸೇಟ್ ಮುಂದುವರಿಸಿ ಎನ್ನುತ್ತದೆ. ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು: ಸಂಧಿವಾತದ ಡಾಕ್ಟರ್ ಸಿಗಲಿಲ್ಲ ಅಂತ ಫ್ಲೂ ಲಸಿಕೆಯನ್ನು ಮುಂದೂಡಬೇಡಿ. ಮೊದಲು ಚುಚ್ಚಿಸಿಕೊಳ್ಳಿ, ಮಾತ್ರೆ ಬಿಡಬೇಕಾ ಅಂತ ಆಮೇಲೆ ಕೇಳಿ. ಬಿಡುವಷ್ಟು ಕೀಲುಗಳು ಚೆನ್ನಾಗಿಲ್ಲ ಅಂದರೆ ಬಿಡದೆಯೂ ಲಸಿಕೆ ಕೆಲಸ ಮಾಡುತ್ತದೆ, ಸ್ವಲ್ಪ ಕಡಿಮೆ ಅಷ್ಟೇ.

ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್, ಅದನ್ನು ಮಾತ್ರ ಲಸಿಕೆಯ ಹೆಸರಲ್ಲಿ ಮುಟ್ಟಬೇಡಿ. 5 ಮಿಲಿಗ್ರಾಂ ಯಾವ ತೊಂದರೆಯೂ ಅಲ್ಲ. ತುಂಬ ದಿನ ಸ್ಟೀರಾಯ್ಡ್ ತಗೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಹಾಗಾಗಿ ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ನೆಲಕ್ಕೆ ಬೀಳಬಹುದು. ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೂ ಫ್ಲೂ ಲಸಿಕೆ ಕೊಡುತ್ತಾರೆ, ಉಳಿದ ಲಸಿಕೆಗಳಿಗೆ ಡೋಸ್ ಇಳಿಯುವ ತನಕ ಕಾಯಿಸುತ್ತಾರೆ.

ಇದೇ ಕಾಯಿಲೆಗೆ ಕೊಡುವ ಬೇರೆ ಔಷಧಿಗಳಾದ ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಅಡಾಲಿಮುಮ್ಯಾಬ್, ಎಟನರ್ಸೆಪ್ಟ್ ತಗೊಳ್ಳುವವರು ಜೀವಂತವಲ್ಲದ ಲಸಿಕೆಗಾಗಿ ಏನನ್ನೂ ನಿಲ್ಲಿಸಬೇಕಿಲ್ಲ. ರಿಟುಕ್ಸಿಮ್ಯಾಬ್ ಕಥೆ ಬೇರೆ. ಅದು ಪ್ರತಿಕಾಯ ತಯಾರಿಸುವ ಬಿ ಕಣಗಳನ್ನೇ ಖಾಲಿ ಮಾಡುತ್ತದೆ, ಡ್ರಿಪ್ ಆದ ತಕ್ಷಣ ಲಸಿಕೆ ಕೊಟ್ಟರೆ ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಮುಂದಿನ ಡೋಸ್ ಹತ್ತಿರ ಬಂದಾಗ ಲಸಿಕೆ ಹಾಕಿಸಿ, ಎರಡು ವಾರ ಬಿಟ್ಟು ಡ್ರಿಪ್ ತಗೊಳ್ಳುವುದು ಕ್ರಮ. ಫ್ಲೂ ಲಸಿಕೆಗೆ ಮಾತ್ರ ಅಷ್ಟು ಕಾಯುವುದಿಲ್ಲ, ಅದರ ಕಾಲ ಬಂದಾಗ ಹಾಕಿಸುತ್ತಾರೆ.

ನನ್ನ ಅಮ್ಮನಿಗೂ ಇದೇ ಕಾಯಿಲೆ. ಲಸಿಕೆಯ ರಾತ್ರಿ ಮೈ ಬಿಸಿ, ಬೆಳಿಗ್ಗೆ ಎದ್ದರೆ ಬೆರಳುಗಳು ಮಡಚಲೇ ಆಗುತ್ತಿರಲಿಲ್ಲ. ಕಾಯಿಲೆ ಕೆರಳಿತು ಅಂತ ಹೆದರಿಬಿಟ್ಟರು. ಮೂರನೆಯ ದಿನ ನೀರಿನ ಬಾಟಲಿಯ ಮುಚ್ಚಳ ತಾವೇ ತಿರುಗಿಸಿ ತೆಗೆದರು. ಒಂದೆರಡು ದಿನದ ತೋಳುನೋವು, ಮೈಕೈ ನೋವು, ಸಣ್ಣ ಜ್ವರ ಮಾಮೂಲು. ವಾರ ಕಳೆದರೂ ಕೀಲು ಊದಿಕೊಂಡೇ ಇದ್ದರೆ ಡಾಕ್ಟರಿಗೆ ಹೇಳಿ.

ಮನೆಯವರ ಲಸಿಕೆಯೂ ನಿಮಗೆ ರಕ್ಷಣೆ, ಅವರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ಮನೆಯಲ್ಲಿ ಎಳೆ ಮಗು ಇದ್ದರೆ ಪೋಲಿಯೋ ಹನಿ ಹಾಕಿಸುವ ಮೊದಲು ನಿಮ್ಮ ಔಷಧಿಯ ವಿಷಯ ಮಕ್ಕಳ ಡಾಕ್ಟರಿಗೆ ತಿಳಿಸಿ, ಏಕೆಂದರೆ ಹನಿಯಲ್ಲಿರುವುದು ಜೀವಂತ ವೈರಸ್, ಚುಚ್ಚುಮದ್ದಿನ ಪೋಲಿಯೋ ಲಸಿಕೆಯಲ್ಲಿ ಅದು ಇಲ್ಲ. ರೋಟಾವೈರಸ್ ಹನಿ ಹಾಕಿಸಿದ್ದರೆ ಕೆಲವು ವಾರ ಮಗುವಿನ ಡಯಾಪರ್ ಬೇರೆಯವರು ಬದಲಿಸಲಿ.

ಈ ಲೆಕ್ಕಾಚಾರ ಯಾವುದೂ ನಾಯಿ ಕಚ್ಚಿದಾಗ ಇಲ್ಲ. ರೇಬೀಸ್ ಲಸಿಕೆ ಜೀವಂತವಲ್ಲ, ಒಂದು ದಿನವೂ ತಡ ಮಾಡುವಂತಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಔಷಧಿ ಚೀಟಿ ಹಿಡಿದು ಹೊರಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿ, ಏಕೆಂದರೆ ನಿಮಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಜೊತೆಗೆ ಲಸಿಕೆಯ ಪೂರ್ತಿ ಡೋಸುಗಳು ಬೇಕಾಗುತ್ತವೆ.