ಸ್ಪೀಡ್ ಕ್ಯಾಮೆರಾದಿಂದ ನಿಜವಾಗಿ ಜೀವ ಉಳಿಯುತ್ತದೆಯೇ? ಅಂಕಿ-ಅಂಶ ಓದುವವರಿಗೆ ಒಂದು ಟಿಪ್ಪಣಿ

ವೇಗಕ್ಕೆ ದಂಡ ಹಾಕುವ ಮಾತು ಬಂದ ಕೂಡಲೇ ಜನ ಎರಡು ಬಣವಾಗುತ್ತಾರೆ. ದಂಡ ಬಿದ್ದರೆ ಎಲ್ಲರೂ ದಾರಿಗೆ ಬರುತ್ತಾರೆ ಅನ್ನುವವರು ಒಂದು ಕಡೆ, ಇದೆಲ್ಲ ಖಜಾನೆ ತುಂಬಿಸುವ ಕೆಲಸ ಅನ್ನುವವರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಅಂಕಿಗಳಿವೆ. ಆ ಅಂಕಿಗಳನ್ನು ಹೇಗೆ ಓದಬೇಕು ಅನ್ನುವುದೇ ಈ ಟಿಪ್ಪಣಿಯ ವಿಷಯ. ನಾನು ಓದಿದ್ದರಿಂದ ಬಂದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ವೇಗ ನಿಯಂತ್ರಣದಿಂದ ಜೀವ ಉಳಿಯುತ್ತದೆ. ಆದರೆ ಸುದ್ದಿಯಲ್ಲಿ ಕಾಣುವ ದೊಡ್ಡ ಶೇಕಡಾವಾರಿನಷ್ಟು ಅಲ್ಲ. ಎಷ್ಟು ಉಳಿಯುತ್ತದೆ ಅನ್ನುವುದು ದಂಡದ ಮೊತ್ತಕ್ಕಿಂತ, ಸಿಕ್ಕಿಬೀಳುತ್ತೇನೆ ಎಂಬ ಖಾತ್ರಿ ಚಾಲಕನಿಗೆ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ.

ವಾದದಲ್ಲಿ ಎರಡು ಕೊಂಡಿಗಳಿವೆ. ಒಂದು, ನಿಗಾ ಇಟ್ಟರೆ ವೇಗ ಇಳಿಯುತ್ತದೆ. ಎರಡು, ವೇಗ ಇಳಿದರೆ ಸಾವು ಇಳಿಯುತ್ತದೆ. ಎರಡನೆಯದು ಗಟ್ಟಿ, ಅದನ್ನೇ ಮೊದಲು ನೋಡೋಣ.

ಹತ್ತು ಕಿ.ಮೀ. ವ್ಯತ್ಯಾಸ

ಎರಡು ಕಾರುಗಳು ಪಕ್ಕಪಕ್ಕದಲ್ಲಿ ಬರುತ್ತಿವೆ. ಒಂದರ ವೇಗ ಗಂಟೆಗೆ 50 ಕಿ.ಮೀ., ಇನ್ನೊಂದರದು 60. 35 ಮೀಟರ್ ಮುಂದೆ ಮಗುವೊಂದು ರಸ್ತೆಗೆ ಓಡಿ ಬರುತ್ತದೆ. ಇಬ್ಬರು ಚಾಲಕರಿಗೂ ಅದು ಒಂದೇ ಕ್ಷಣದಲ್ಲಿ ಕಾಣಿಸುತ್ತದೆ. ಕಂಡದ್ದು ಅರ್ಥವಾಗಿ ಕಾಲು ಬ್ರೇಕಿಗೆ ಹೋಗಲು 1.5 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಮೊದಲ ಕಾರು ಸುಮಾರು 21 ಮೀಟರ್ ಬಂದಿರುತ್ತದೆ, ಎರಡನೆಯದು 25 ಮೀಟರ್. ಒಣ ರಸ್ತೆ, ಒಳ್ಳೆಯ ಬ್ರೇಕ್. ಪ್ರತಿ ಸೆಕೆಂಡಿಗೆ ವೇಗ 7 ಮೀಟರ್/ಸೆಕೆಂಡ್‌ನಷ್ಟು ಕಡಿಮೆಯಾಗುತ್ತದೆ. 50ರ ಕಾರಿಗೆ ನಿಲ್ಲಲು ಇನ್ನು 14 ಮೀಟರ್ ಸಾಕು. ಮಗುವಿನ ಎದುರಿಗೇ ಅದು ನಿಂತುಬಿಡುತ್ತದೆ. 60ರ ಕಾರಿಗೆ ಉಳಿದಿರುವುದು 10 ಮೀಟರ್, ಬೇಕಾದದ್ದು ಸುಮಾರು 20. ಲೆಕ್ಕ ಹಾಕಿ ನೋಡಿ, ಅದು ಮಗುವಿಗೆ ಗುದ್ದುವಾಗಲೂ ಗಂಟೆಗೆ 42 ಕಿ.ಮೀ. ವೇಗದಲ್ಲಿರುತ್ತದೆ.

ಹತ್ತು ಕಿ.ಮೀ. ತಾನೇ ಜಾಸ್ತಿ ಅಂತ ಅನಿಸುತ್ತದೆ, ಅಲ್ವಾ? ಒಬ್ಬರಿಗೆ ಬರೀ ಗಾಬರಿ, ಇನ್ನೊಬ್ಬರ ಕಾರಿನ ಎದುರು ಮಗುವಿನ ಜೀವವೇ ಹೋಗಬಹುದು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೇವೆ. 50ರಿಂದ 60ಕ್ಕೆ ಹೋದರೆ ಶಕ್ತಿ ಶೇ. 44 ಹೆಚ್ಚು. ಅದರ ಅರ್ಥ ಈ ಹತ್ತು ಮೀಟರ್‌ನಲ್ಲಿದೆ.

ಇಡೀ ರಸ್ತೆಜಾಲಕ್ಕೆ ಇದನ್ನು ಅನ್ವಯಿಸಿದವರು ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಯೋರಾನ್ ನಿಲ್ಸನ್. ಅವರ ಮಾದರಿಯ ಪ್ರಕಾರ, ಸಾವು ಸಂಭವಿಸುವ ಅಪಘಾತಗಳು ಸರಾಸರಿ ವೇಗದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತವೆ. ಸರಾಸರಿ ವೇಗ ಶೇ. 5 ಇಳಿದರೆ ಅಂಥ ಅಪಘಾತ ಸುಮಾರು ಶೇ. 19 ಇಳಿಯಬೇಕು. ಅಂದರೆ ಎಲ್ಲರೂ ಆಮೆಯ ಹಾಗೆ ಹೋಗಬೇಕಾಗಿಲ್ಲ. ಚಾಲಕರಿಗೆ ಗೊತ್ತೂ ಆಗದಷ್ಟು ಸಣ್ಣ ಇಳಿಕೆಯೂ ಲೆಕ್ಕಕ್ಕೆ ಬರುತ್ತದೆ.

ನಿಗಾ ಇಟ್ಟರೆ ವೇಗ ಇಳಿಯುತ್ತದೆಯೇ?

2010ರಲ್ಲಿ, ಆರೋಗ್ಯದ ಬಗೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ಸ್ಪೀಡ್ ಕ್ಯಾಮೆರಾಗಳ ಬಗೆಗಿನ 35 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಅಪಘಾತಗಳನ್ನು ಎಣಿಸಿದ್ದ 28 ಅಧ್ಯಯನಗಳಲ್ಲೂ, ಒಂದೂ ಬಿಡದಂತೆ, ಕ್ಯಾಮೆರಾ ಇದ್ದ ಕಡೆ ಅಪಘಾತ ಇಳಿದಿತ್ತು. ಸಾವು ಮತ್ತು ತೀವ್ರ ಗಾಯದ ಅಪಘಾತಗಳಲ್ಲಿ ಇಳಿಕೆ ಶೇ. 11ರಿಂದ 44ರವರೆಗೆ. ಇಲ್ಲಿಗೇ ನಿಲ್ಲಿಸಿ ಖುಷಿಪಡಬಹುದಿತ್ತು. ಆದರೆ ಆ ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತ ವಿಮರ್ಶೆಯೇ ಹೇಳಿತು. ಯಾಕೆ?

60 ದಾಳಗಳನ್ನು ಒಟ್ಟಿಗೆ ಉರುಳಿಸಿ. ಸುಮಾರು ಹತ್ತರಲ್ಲಿ 6 ಬೀಳುತ್ತದೆ. ಆ ಹತ್ತನ್ನು ಮಾತ್ರ ಆರಿಸಿ, ಅವುಗಳ ಪಕ್ಕ ಒಂದೊಂದು ಕ್ಯಾಮೆರಾ ಇಡಿ. ಮತ್ತೆ ಉರುಳಿಸಿ. ಸರಾಸರಿ 6ರಿಂದ 3.5ರ ಆಸುಪಾಸಿಗೆ ಬರುತ್ತದೆ. ಶೇ. 40ಕ್ಕೂ ಹೆಚ್ಚು ಇಳಿಕೆ! ಕ್ಯಾಮೆರಾ ಏನೂ ಮಾಡಿಲ್ಲ.

ರಸ್ತೆಯಲ್ಲೂ ಇದೇ ನಡೆಯುತ್ತದೆ. ಯಾವ ತಿರುವಿನಲ್ಲಿ ಈ ವರ್ಷ ಅಪಘಾತ ಜಾಸ್ತಿಯೋ ಅಲ್ಲಿಗೆ ಕ್ಯಾಮೆರಾ ಬರುತ್ತದೆ. ಆ ಸಂಖ್ಯೆಯಲ್ಲಿ ಒಂದು ಪಾಲು ಆ ಜಾಗದ ನಿಜವಾದ ಅಪಾಯ, ಇನ್ನೊಂದು ಪಾಲು ಕೆಟ್ಟ ಗಳಿಗೆ. ಕೆಟ್ಟ ಗಳಿಗೆಯ ಪಾಲು ಮುಂದಿನ ವರ್ಷ ತಾನಾಗಿಯೇ ಕರಗುತ್ತದೆ. ಇದನ್ನೇ ಸಂಖ್ಯಾಶಾಸ್ತ್ರದವರು ಸರಾಸರಿಯತ್ತ ಮರಳುವಿಕೆ ಅನ್ನುತ್ತಾರೆ. ಬ್ರಿಟನ್ನಿನಲ್ಲಿ 2005ರ ಮೌಲ್ಯಮಾಪನ ವರದಿ ಕ್ಯಾಮೆರಾ ಜಾಗಗಳಲ್ಲಿ ಸಾವು ಮತ್ತು ತೀವ್ರ ಗಾಯ ಶೇ. 42 ಇಳಿದಿದೆ ಅಂದಿತು. ಎಲ್ಲರ ಬಾಯಲ್ಲೂ ಉಳಿದದ್ದು ಆ 42 ಮಾತ್ರ. ಅದರಲ್ಲಿ ಒಂದು ಭಾಗ ಈ ಮರಳುವಿಕೆಯದ್ದು ಅನ್ನುವ ಮಾತು ಅದೇ ವರದಿಯ ಅನುಬಂಧದಲ್ಲಿತ್ತು. ಅನುಬಂಧ ಓದುವ ಅಭ್ಯಾಸ ಯಾಕೆ ಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ಹಾಗಾದರೆ ಏನೂ ಉಳಿಯುವುದಿಲ್ಲವೇ? ಉಳಿಯುತ್ತದೆ. ಎರಡು ಕಡೆಯಿಂದ ಪುರಾವೆ ಇದೆ.

ಮೊದಲನೆಯದು ನನಗೆ ತುಂಬ ಹಿಡಿಸಿದ್ದು. 2003ರಲ್ಲಿ ಅಮೆರಿಕದ ಆರೆಗಾನ್ ರಾಜ್ಯಕ್ಕೆ ಹಣದ ಮುಗ್ಗಟ್ಟು ಬಂತು. ಹೆದ್ದಾರಿ ಗಸ್ತಿನ ರಾಜ್ಯ ಪೊಲೀಸರಲ್ಲಿ ಸುಮಾರು ಶೇ. 35 ಮಂದಿಯನ್ನು ಒಮ್ಮೆಗೇ ಮನೆಗೆ ಕಳಿಸಿದರು. ಅಪಘಾತ ಹೆಚ್ಚಾಯಿತು, ಕಡಿಮೆಯಾಯಿತು ಅಂತ ಯಾರೂ ಹಾಗೆ ಮಾಡಲಿಲ್ಲ, ಬಜೆಟ್ ಸಾಲಲಿಲ್ಲ ಅಷ್ಟೇ. ಹಾಗಾಗಿ ದಾಳದ ಸಮಸ್ಯೆ ಇಲ್ಲಿಲ್ಲ. ಮುಂದೆ ದಂಡದ ಚೀಟಿಗಳು ಕಡಿಮೆಯಾದವು, ಗಾಯ ಮತ್ತು ಸಾವು ಹೆಚ್ಚಾದವು. ಪರಿಣಾಮ ಎದ್ದು ಕಂಡದ್ದು ಊರಾಚೆಯ ರಸ್ತೆಗಳಲ್ಲಿ, ಹವೆ ಚೆನ್ನಾಗಿದ್ದಾಗ. ಅಂದರೆ ಆ ಪೊಲೀಸರು ಇದ್ದಿದ್ದರೆ ಇರುತ್ತಿದ್ದ ಕಡೆ, ಗಾಡಿ ಜೋರಾಗಿ ಓಡಿಸಲು ಅನುಕೂಲವಿದ್ದ ಹೊತ್ತಿನಲ್ಲಿ.

ಎರಡನೆಯದು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ 2017ರಲ್ಲಿ ಬಂದ ಅಧ್ಯಯನ. ಬ್ರಿಟನ್ನಿನ ಸುಮಾರು 2,500 ಕ್ಯಾಮೆರಾಗಳ ಸುತ್ತಮುತ್ತ ದೂರಕ್ಕೆ ತಕ್ಕಂತೆ ಏನಾಯಿತು ಅಂತ ನೋಡಿದ್ದು. 500 ಮೀಟರ್ ಒಳಗೆ ಅಪಘಾತಗಳು ಶೇ. 17ರಿಂದ 39 ಇಳಿದವು. ಆದರೆ 1.5 ಕಿ.ಮೀ. ದಾಟಿದ ಮೇಲೆ ಆ ಲಾಭ ಕಾಣೆಯಾಯಿತು. ಅಷ್ಟೇ ಅಲ್ಲ, ಅಪಘಾತ ಏರುವ ಲಕ್ಷಣವೂ ಕಂಡಿತು.

ಕ್ಯಾಮೆರಾ ದಾಟಿದ ಮೇಲೆ

ಕ್ಯಾಮೆರಾ ಕಂಡ ಕೂಡಲೇ ಬ್ರೇಕ್, ದಾಟಿದ ಕೂಡಲೇ ಆಕ್ಸಿಲರೇಟರ್. ಇದಕ್ಕೆ ಕಾಂಗರೂ ಪರಿಣಾಮ ಅಂತ ಹೆಸರು. ಒಂದೇ ಕಡೆ ನೆಟ್ಟ ಕ್ಯಾಮೆರಾದ ದೊಡ್ಡ ಕೊರತೆ ಇದೇ. ಆ ಚಾಲಕ ಕಲಿತದ್ದು ನಿಧಾನವಾಗಿ ಓಡಿಸುವುದನ್ನಲ್ಲ, ಕ್ಯಾಮೆರಾ ಎಲ್ಲಿದೆ ಅನ್ನುವುದನ್ನು.

ಇದಕ್ಕೆ ಒಳ್ಳೆಯ ಉತ್ತರ ಸರಾಸರಿ ವೇಗ ಅಳೆಯುವ ಕ್ಯಾಮೆರಾ. ರಸ್ತೆಯ ಎರಡು ಕಡೆ ನಂಬರ್ ಪ್ಲೇಟ್ ಓದಿ, ನಡುವಿನ ದೂರವನ್ನು ತೆಗೆದುಕೊಂಡ ಹೊತ್ತಿನಿಂದ ಭಾಗಿಸುತ್ತದೆ. ಮಧ್ಯೆ ಎಲ್ಲಿ ಹಾರಿದರೂ ಲೆಕ್ಕಕ್ಕೆ ಸಿಗುತ್ತದೆ. ಬ್ರಿಟನ್ನಿನ ರಸ್ತೆ ಸಾರಿಗೆ ಸಂಶೋಧನಾ ಸಂಸ್ಥೆ ಆರ್‌ಎಸಿ ಫೌಂಡೇಶನ್‌ಗಾಗಿ 2016ರಲ್ಲಿ ನಡೆದ ಅಧ್ಯಯನ, ಮರಳುವಿಕೆಯ ಪಾಲನ್ನು ಕಳೆದ ಮೇಲೂ, ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಸುಮಾರು ಶೇ. 36 ಇಳಿದವು ಅಂತ ಕಂಡಿತು. ಕಳೆದ ಮೇಲಿನ ಅಂಕಿಯಾದ್ದರಿಂದ ನನಗೆ ಇದು ಆ ಹಳೆಯ 42ಕ್ಕಿಂತ ಹೆಚ್ಚು ತೂಕದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಪೊಲೀಸರು ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ನಿಲ್ಲಬೇಕು ಅನ್ನುವುದನ್ನು ಲಾಟರಿಯಂತೆ ಆರಿಸಿತು. ಇರುವಷ್ಟೇ ಪೊಲೀಸರು, ಆದರೆ ಎಲ್ಲಿ ಇಲ್ಲ ಅಂತ ಹೇಳಲು ಯಾರಿಗೂ ಆಗದು.

ಎರಡೂ ವಿಧಾನಗಳಲ್ಲಿ ದಂಡದ ಮೊತ್ತ ಏರಿಲ್ಲ, ಸಿಕ್ಕಿಬೀಳುವ ಸಂಭವ ಏರಿದೆ. ಯಾವತ್ತೋ ಒಮ್ಮೆ ಬೀಳುವ ಭಾರೀ ದಂಡಕ್ಕೆ ಜನ ಹೆದರುವುದಿಲ್ಲ, ಅದು ತನಗೆ ಬೀಳುವುದಿಲ್ಲ ಅಂದುಕೊಳ್ಳುತ್ತಾರೆ. ದಂಡವನ್ನು ಸುಮ್ನೆ ದುಪ್ಪಟ್ಟು ಮಾಡಿ ನಿಗಾ ಇಡದಿದ್ದರೆ ಪ್ರಯೋಜನ ಕಡಿಮೆ.

ದುಡ್ಡಿನ ಮಾತು

ಖಜಾನೆಯ ಆಪಾದನೆಯನ್ನು ತಳ್ಳಿಹಾಕಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅರ್ಥಶಾಸ್ತ್ರಜ್ಞರಾದ ಮಕೌಸ್ಕಿ ಮತ್ತು ಸ್ಟ್ರಾಟ್‌ಮನ್ ನೋಡಿದಾಗ, ಹಣದ ಕೊರತೆ ಇದ್ದ ಪಟ್ಟಣಗಳ ಪೊಲೀಸರು ನಿಜಕ್ಕೂ ಹೆಚ್ಚು ದಂಡ ಹಾಕಿದ್ದರು. ಆಪಾದನೆ ಸರಿಯಾಗಿತ್ತು. ಆದರೆ ಹಾಗೆ ದಂಡ ಹೆಚ್ಚಿದ ಕಡೆ ಅಪಘಾತ, ಗಾಯ ಕಡಿಮೆಯಾಗಿದ್ದವು. ಉದ್ದೇಶ ಯಾವುದೇ ಇರಲಿ, ಚಾಲಕನ ಕಾಲು ಬ್ರೇಕಿಗೆ ಹೋಗಿತ್ತು.

ಆದರೂ ಜನರ ನಂಬಿಕೆ ಕಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಾನ್ಸ್ ನೋಡಿ. 2003ರಲ್ಲಿ ಅಲ್ಲಿ ಸ್ವಯಂಚಾಲಿತ ಕ್ಯಾಮೆರಾ ಬಂದವು, ಆ ವರ್ಷಗಳಲ್ಲಿ ಸಾವುಗಳು ಗಣನೀಯವಾಗಿ ಇಳಿದವು. 2018ರಲ್ಲಿ ಹಲವು ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಅದೇ ವರ್ಷದ ಕೊನೆಗೆ ಇಂಧನ ತೆರಿಗೆ ಏರಿಕೆಯ ವಿರುದ್ಧ ಶುರುವಾದ ಹಳದಿ ಜಾಕೆಟ್ ಚಳವಳಿಯಲ್ಲಿ ದೇಶದ ಸುಮಾರು ಶೇ. 60 ಕ್ಯಾಮೆರಾಗಳಿಗೆ ಹಾನಿಯಾಯಿತು. ಸ್ವೀಡನ್ ಇದಕ್ಕೆ ತದ್ವಿರುದ್ಧ. ಅಲ್ಲಿ ಕ್ಯಾಮೆರಾ ಬರುವ ಮೊದಲೇ ಫಲಕ ಇರುತ್ತದೆ. ಹಿಡಿಯುವುದಕ್ಕಿಂತ ವೇಗ ಇಳಿಸುವುದೇ ಗುರಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಒಂದು ನಗರ ಕಳೆದ ವರ್ಷ ಅತಿ ಹೆಚ್ಚು ಅಪಘಾತವಾದ 20 ಕಡೆ ಕ್ಯಾಮೆರಾ ಇಟ್ಟಿತು, ಈ ವರ್ಷ ಅಲ್ಲಿ ಶೇ. 30 ಇಳಿಕೆ ಅಂತ ಪ್ರಕಟಿಸಿತು ಅಂದುಕೊಳ್ಳಿ. ಕ್ಯಾಮೆರಾದ ನಿಜವಾದ ಪಾಲು ತಿಳಿಯಲು ಆ ನಗರದಿಂದ ಇನ್ನು ಯಾವ ಮಾಹಿತಿ ಕೇಳುತ್ತೀರಿ? ಎಷ್ಟು ವರ್ಷಗಳದು, ಯಾವ ರಸ್ತೆಗಳದು, ಕ್ಯಾಮೆರಾದಿಂದ ಎಷ್ಟು ದೂರದವರೆಗಿನದು?